ಪಂಡಿತರೂ ಬಾಲಬೋಧಕರೂ ಆಗಿದ್ದ ಪಂಜೆಯವರು

ಶಿಶುಶಿಕ್ಷಣದ ವಿಚಾರವಾಗಿ ನಮ್ಮಲ್ಲಿ ಗ್ರಂಥಗಳಿಗಾಗಲಿ ಭಾಷಣಗಳಿಗಾಗಲಿ ಈಗ ಕೊರತೆಯಿಲ್ಲ. 2020ರ ರಾಷ್ಟ್ರೀಯ ಶಿಕ್ಷಣನೀತಿಯು 3ರಿಂದ 8 ವರ್ಷದವರೆಗಿನ ವಯಸ್ಸನ್ನೇ ವಿದ್ಯೆಯ ತಳಹದಿಯೆಂದು ಎಣಿಸಿರುವುದು. ಮಣಿಪಾಲದ ವಿದ್ಯಾಪೀಠದಿಂದ ಕಾಪುವಿನ ಕಡಲ ತಡಿಯ ಅಂಗನವಾಡಿಗೆ ಕೆಲವೇ ಹರದಾರಿಗಳ ದಾರಿ. ಆದರೆ ಪಂಡಿತರ ವಿಚಾರವು ಆ ದಾರಿಯನ್ನು ನಡೆದು ಮಗುವಿನ ಚಾಪೆಯ ಬಳಿಗೆ ಬರುವುದು ಅಪರೂಪವೇ ಸರಿ. ಈ ದೂರವನ್ನು ತಮ್ಮ ಬಾಳಿನಲ್ಲೇ ದಾಟಿ ತೋರಿಸಿದ ಮಹನೀಯರೊಬ್ಬರನ್ನು ಈ ಸಂದರ್ಭದಲ್ಲಿ ಸ್ಮರಿಸುವುದು ಉಚಿತವಾಗಿದೆ.

ಪಂಜೆ ಮಂಗೇಶರಾಯರು 1874ರಲ್ಲಿ ಬಂಟವಾಳದಲ್ಲಿ ಜನಿಸಿದರು. ಮನೆಮಾತು ಕೊಂಕಣಿ, ನೆರೆಹೊರೆಯ ಮಾತು ತುಳು, ಶಾಲೆಯ ನುಡಿ ಕನ್ನಡ. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಕೆಲಸಕ್ಕೆ ಸೇರಿದ ಅವರು ಮುಂದೆ ಶಾಲಾ ಇನ್‌ಸ್ಪೆಕ್ಟರಾದರು. ಕೊಡಗಿನಲ್ಲಿ ಮುಖ್ಯೋಪಾಧ್ಯಾಯರೂ ಆದರು. ಅವರ ಪಾಂಡಿತ್ಯದ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟ್ಟೆಲರ ತರುವಾಯ ಪರಿಷ್ಕರಿಸಿ 1920ರಲ್ಲಿ ಹೊರತಂದವರು ಇವರೇ.

ಇಂತಹ ವೈಯಾಕರಣರು ಮಕ್ಕಳ ನಡುವೆ ಕುಳಿತುಕೊಂಡರೆಂಬುದೇ ವಿಶೇಷವು. ಉಡುಪಿ, ಕಾರ್ಕಳಗಳೆಲ್ಲ ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ಮನೆಯಲ್ಲಿ ತುಳುವನ್ನಾಡುವ ಮಗುವು ಶಾಲೆಗೆ ಬಂದೊಡನೆ ಅದಕ್ಕೆ ಪುಸ್ತಕದ ಕನ್ನಡವು ಅರೆಪರಭಾಷೆಯಾಗಿ ತೋರುತ್ತಿದ್ದಿತು. ಇನ್‌ಸ್ಪೆಕ್ಟರೆಂದರೆ ಉಪಾಧ್ಯಾಯರೇ ನಡುಗುತ್ತಿದ್ದ ಆ ಕಾಲದಲ್ಲಿ ಪಂಜೆಯವರು ಮಕ್ಕಳಿಗೆ ಕತೆ ಹೇಳಿ, ಅಭಿನಯದೊಡನೆ ಹಾಡಿ, ಪಾಠದ ಬಗೆಯನ್ನು ತಾವೇ ಮಾಡಿ ತೋರಿಸುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ದೋಷವನ್ನು ಬರೆದುಕೊಂಡು ಹೋಗುವುದಕ್ಕಿಂತ ದಾರಿಯನ್ನು ತೋರುವುದು ಮೇಲೆಂಬುದನ್ನು ಅವರು ಅರಿತಿದ್ದರು.

ಅವರ ಬರವಣಿಗೆಯೂ ಈ ಅನುಭವದಿಂದಲೇ ಬಲಿತುದು. 'ಸಿಗಡಿ ಯಾಕೆ ಒಣಗಲಿಲ್ಲ' ಎಂಬ ಕತೆಯನ್ನು ನೋಡಿರಿ. ಮೀನು ಒಣಗಿಸುವ ಕರಾವಳಿಯ ಮಗುವಿಗೆ ಸಿಗಡಿಯೇನೆಂಬುದನ್ನು ವಿವರಿಸಬೇಕಾಗಿಲ್ಲ. ಒಂದು ಪ್ರಶ್ನೆಯ ಉತ್ತರದಿಂದ ಮತ್ತೊಂದು ಪ್ರಶ್ನೆ ಹುಟ್ಟುತ್ತ ಹೋಗುವುದು. ಒಂದೇ ವಾಕ್ಯರೂಪವು ಮರಳಿ ಮರಳಿ ಬರುವುದು. ವ್ಯಾಕರಣದ ಹೆಸರನ್ನೆತ್ತದೆಯೇ ವ್ಯಾಕರಣವು ನಾಲಗೆಗೆ ಹತ್ತುವುದು. 'ಇಲಿಗಳ ತಕ ಥೈ' ಪರದೇಶದ ಕತೆಯಾದರೂ ಅದರ ತಾಳವು ನಮ್ಮ ಯಕ್ಷಗಾನದ ನೆಲದ್ದು. 1924ರಲ್ಲಿ ಬಾಲಸಾಹಿತ್ಯ ಮಂಡಲದ ಮೂಲಕ ಪ್ರಕಟವಾದ 'ಕೋಟಿ ಚೆನ್ನಯ'ವು ತುಳುವರ ಪಾಡ್ದನದ ವೀರರನ್ನು ಕನ್ನಡ ಪುಸ್ತಕಕ್ಕೆ ತಂದಿತು. ಮಗುವಿನ ಮನೆಮಾತನ್ನು ಹಳಿಯದೆ ಅದರ ಮೇಲೆಯೇ ಕನ್ನಡವನ್ನು ಕಟ್ಟಿದರು.

ನಾಡು ಅವರನ್ನು ಮರೆಯಲಿಲ್ಲ. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವು ಅವರಿಗೆ ಸಂದಿತು. 1937ರಲ್ಲಿ ಹೈದರಾಬಾದಿನಲ್ಲಿ ಅವರು ಕಾಲವಾದರು.

ಗೌರವಿಸುವುದು ಸುಲಭ, ಅನುಸರಿಸುವುದು ಕಷ್ಟ. ಇಂದು ಶಿಶುಶಿಕ್ಷಣವನ್ನು ಕುರಿತು ಬರೆಯುವವರು ಬೇರೆ, ಅಕ್ಷರ ತಿದ್ದಿಸುವವರು ಬೇರೆ ಎಂಬಂತಾಗಿದೆ. ಬರೆಯುವವರಿಗೆ ಮಗುವಿನ ಹಟ ತಿಳಿಯದು. ತಿದ್ದಿಸುವವರ ಅನುಭವವನ್ನು ಕೇಳುವವರಿಲ್ಲ. ವಿದ್ವಾಂಸರು ವರ್ಷಕ್ಕೆ ಕೆಲವು ದಿನವಾದರೂ ಕಾರ್ಕಳದ ಹಳ್ಳಿಯ ಶಾಲೆಯಲ್ಲಿ ತಾವೇ ಪಾಠ ಹೇಳಲಿ. ಪಾಠಕ್ರಮವನ್ನು ಗೊತ್ತುಮಾಡುವ ಸಭೆಯಲ್ಲಿ ಅಂಗನವಾಡಿಯ ಕಾರ್ಯಕರ್ತೆಗೂ ಪೀಠವಿರಲಿ. ತನಿಖೆಗೆ ಹೋಗುವ ಅಧಿಕಾರಿಗಳು ಲೆಕ್ಕದ ಪುಸ್ತಕವನ್ನು ತೆರೆಯುವುದಕ್ಕೆ ಮೊದಲು ಮಕ್ಕಳಿಗೆ ಒಂದು ಕತೆಯನ್ನು ಹೇಳಲಿ. ಶಬ್ದಮಣಿದರ್ಪಣವನ್ನು ಶೋಧಿಸಿದ ಕೈಗೆ ಸಿಗಡಿಯ ಕತೆ ಹಗುರವೆನಿಸಲಿಲ್ಲ. ನಮ್ಮ ಪಂಡಿತರಿಗೂ ಅದು ಹಗುರವೆನಿಸಬೇಕಾಗಿಲ್ಲ.