ಗ್ರಹಾಂ ಹಿಲ್: ಸುತ್ತೊಂದಕ್ಕೆ ಐದು ಷಿಲಿಂಗು

ಮೋಟಾರು ಪಂದ್ಯದ ವೀರರೆಂದರೆ ಸಿರಿವಂತರ ಮನೆಯಲ್ಲಿ ಹುಟ್ಟಿ, ಮೀಸೆ ಮೂಡುವ ಮೊದಲೇ ಸ್ಟೀರಿಂಗ್ ಚಕ್ರ ಹಿಡಿದವರು ಎಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಈ ಭಾವನೆಗೆ ಸ್ವಲ್ಪವೂ ಹೊಂದದ ಒಬ್ಬನ ಚರಿತ್ರೆಯನ್ನು ವಾಚಕ ಮಿತ್ರರ ಮುಂದಿಡಬೇಕೆಂಬುದು ನನ್ನ ಆಸೆ. ಇಂಗ್ಲೆಂಡಿನ ಗ್ರಹಾಂ ಹಿಲ್ ಎರಡು ಸಲ ಜಗತ್ತಿನ ಚಾಂಪಿಯನ್ ಎನಿಸಿದವನು. ಆದರೆ ಇಪ್ಪತ್ತನಾಲ್ಕನೆಯ ವಯಸ್ಸಿನವರೆಗೆ ಈತನಲ್ಲಿ ಕಾರು ಓಡಿಸುವ ಲೈಸೆನ್ಸೇ ಇರಲಿಲ್ಲವೆಂಬುದು ಸೋಜಿಗದ ಸಂಗತಿ. ನಮ್ಮ ಮನೆತನದಲ್ಲಿ ಕಾಲೇಜಿನ ಹೊಸ್ತಿಲು ತುಳಿದವರಲ್ಲಿ ನಾನೇ ಮೊದಲಿಗ. ಆದ್ದರಿಂದಲೋ ಏನೋ, ಮನೆಯಲ್ಲಿ ಹೇಳಿಕೊಡುವವರಿಲ್ಲದೆ, ತಡವಾಗಿ, ಕೇಳಿ ಕೇಳಿ ಕಲಿತವರ ಕಥೆಗಳ ಕಡೆಗೆ ನನ್ನ ಮನಸ್ಸು ತಾನಾಗಿ ಹರಿಯುತ್ತದೆ.

ಹಿಲ್ ಹುಟ್ಟಿದ್ದು 1929ನೆಯ ಇಸವಿ ಫೆಬ್ರವರಿ 15ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್ ಎಂಬಲ್ಲಿ. ತಾಂತ್ರಿಕ ಶಾಲೆಯಲ್ಲಿ ಓದಿ, ಯಂತ್ರಮಾಪಕಗಳನ್ನು ತಯಾರಿಸುವ ಸ್ಮಿತ್ಸ್ ಕಾರ್ಖಾನೆಯಲ್ಲಿ ಉಮೇದುವಾರನಾಗಿ ಸೇರಿದನು. ಮೋಟಾರು ಸೈಕಲ್ ಅಪಘಾತವೊಂದರಲ್ಲಿ ತೊಡೆಯ ಮೂಳೆ ಮುರಿದು ಎಡಗಾಲು ಕೊಂಚ ಗಿಡ್ಡವಾಯಿತು. ಅನಂತರ ಕಡ್ಡಾಯ ಸೇವೆಯ ಮೇರೆಗೆ ನೌಕಾದಳದ ಸ್ವಿಫ್ಟ್‌ಷೂರ್ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು, ಮತ್ತೆ ಹಳೆಯ ಕಾರ್ಖಾನೆಗೇ ಮರಳಿದನು. ಬಿಡುವಿನ ವೇಳೆಯಲ್ಲಿ ಥೇಮ್ಸ್ ನದಿಯಲ್ಲಿ ದೋಣಿ ಹುಟ್ಟು ಹಾಕುವುದು ಈತನ ಹವ್ಯಾಸ. ಮುಂದೆ ಜಗತ್ತೆಲ್ಲ ಗುರುತಿಸಿದ ಆತನ ಶಿರಸ್ತ್ರಾಣದ ಕಡುನೀಲಿ ಬಣ್ಣವೂ ಬಿಳಿಯ ಹುಟ್ಟುಗಳ ಚಿತ್ರವೂ ಲಂಡನ್ ರೋಯಿಂಗ್ ಕ್ಲಬ್ಬಿನವು.

ಆತನ ಮೊದಲ ಕಾರು 1934ರ ಮಾದರಿಯ ಒಂದು ಮುದಿ ಮಾರಿಸ್. ಅದರ ಬ್ರೇಕು ಹೆಸರಿಗೆ ಮಾತ್ರ ಇದ್ದಿತು. ಅಂಥ ಗಾಡಿಯನ್ನು ಓಡಿಸುವವನಿಗೆ ಮುಂದೇನಾದೀತೆಂದು ಬಹು ದೂರದಿಂದಲೇ ನೋಡುವ ಅಭ್ಯಾಸ ಬೇಡವೆಂದರೂ ಬರುತ್ತದೆ.

ಆ ಕಾಲದ ಇಂಗ್ಲೆಂಡಿನ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬೇಡವಾದ ವಿಮಾನ ನಿಲ್ದಾಣಗಳು ಪಂದ್ಯದ ಹಾದಿಗಳಾದವು. ಸಿಲ್ವರ್‌ಸ್ಟೋನ್, ಗುಡ್‌ವುಡ್‌ಗಳು ಹಾಗೆ ಹುಟ್ಟಿದಂಥವು. ವಾರವೆಲ್ಲ ಕಚೇರಿಗೆ ಹೋಗಿಬರುತ್ತಿದ್ದ ಕಾರನ್ನೇ ರಜಾದಿನ ಅಲ್ಲಿಗೆ ಒಯ್ದು ಓಡಿಸುವ ಸಾಮಾನ್ಯ ಗೃಹಸ್ಥರ ಕ್ಲಬ್ಬುಗಳು ಎಲ್ಲೆಲ್ಲೂ ಎದ್ದವು. ಕಾಲಿನ್ ಚಾಪ್‌ಮನ್ ಎಂಬ ತರುಣ ಎಂಜಿನಿಯರು ಲೋಟಸ್ ಎಂಬ ಪುಟ್ಟ ಹಗುರವಾದ ಕಾರನ್ನು ಬಿಡಿಭಾಗಗಳ ರೂಪದಲ್ಲಿ ಮಾರುತ್ತಿದ್ದನು. ಹಾಗೆ ಕೊಂಡರೆ ಖರೀದಿ ತೆರಿಗೆ ತಪ್ಪುತ್ತಿತ್ತು. ಮನೆಯ ಕೊಟ್ಟಿಗೆಯಲ್ಲಿ ತಾನೇ ಜೋಡಿಸಿಕೊಂಡರೆ ಸ್ವಂತ ಸ್ಪೋರ್ಟ್ಸ್ ಕಾರು ಸಿದ್ಧ! ಸ್ವಂತ ಕಾರುಳ್ಳವನು ಬೇಕಾದಷ್ಟು ಸಲ ಸುತ್ತಿ ಕಲಿಯಬಹುದಿತ್ತು. ಇಲ್ಲದವನ ಗತಿಯೇನು?

ಹಿಲ್ಲನ ಕಣ್ಣಿಗೆ ಒಂದು ಜಾಹೀರಾತು ಬಿದ್ದಿತು. ಕೆಂಟ್ ಪ್ರಾಂತದ ಬ್ರ್ಯಾಂಡ್ಸ್ ಹ್ಯಾಚ್ ಹಾದಿಯಲ್ಲಿ ಪಂದ್ಯದ ಕಾರನ್ನು ಓಡಿಸಬಹುದು. ದರ ಸುತ್ತೊಂದಕ್ಕೆ ಐದು ಷಿಲಿಂಗು. ಆಗ ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡು. ಹಿಲ್ ಒಂದು ಪೌಂಡು ಕೊಟ್ಟು ಪುಟ್ಟ ಕೂಪರ್ ಕಾರಿನಲ್ಲಿ ನಾಲ್ಕು ಸುತ್ತು ಹಾಕಿದನು. ಆಗಿನ ಹಾದಿಯ ಉದ್ದ ಸುಮಾರು ಒಂದು ಮೈಲಿ. ಅಂದರೆ ಮೈಲಿಗೊಂದು ಪಾಠದಂತೆ ನಾಲ್ಕು ಪಾಠ. ಮುಂದಿನ ಪಾಠಗಳಿಗೆ ಕೈಯಲ್ಲಿ ಕಾಸಿಲ್ಲ. ಆಗ ಆತ ಮಾಡಿದ ಯೋಚನೆ ನಮ್ಮ ಹಳ್ಳಿಗಾಡಿನ ಬಡ ವಿದ್ಯಾರ್ಥಿಗಳಿಗೂ ಪರಿಚಿತವಾದದ್ದೇ. ಸಂಬಳವಿಲ್ಲದೆ ಕಾರುಗಳನ್ನು ರಿಪೇರಿ ಮಾಡಿಕೊಡುತ್ತೇನೆ, ಬದಲಿಗೆ ಓಡಿಸಲು ಬಿಡಿ ಎಂದು ಅಂಥ ಶಾಲೆಯಲ್ಲಿ ಸೇರಿಕೊಂಡನು. ಹಿಂದೆ ವಾರಾನ್ನದ ಹುಡುಗರು ಗುರುವಿನ ಮನೆಯ ನೀರು ಸೇದಿ ವಿದ್ಯೆ ಕಲಿತ ಹಾಗೆಯೇ ಇದೂ. ಕೆಲವೇ ದಿನಗಳಲ್ಲಿ ಇತರರಿಗೆ ಪಾಠ ಹೇಳುವ ಕೆಲಸವೂ ಆತನ ಪಾಲಿಗೆ ಬಂದಿತು. ತಾನು ಇನ್ನೂ ಕಲಿಯುತ್ತಿರುವುದನ್ನೇ ಇನ್ನೊಬ್ಬರಿಗೆ ಬಿಡಿಸಿ ಹೇಳಬೇಕಾಗಿ ಬಂದದ್ದು ಆತನಿಗೆ ದೊಡ್ಡ ಲಾಭವಾಯಿತೆಂದೇ ನನ್ನ ಅಭಿಪ್ರಾಯ. ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯನಿಗೆ ಪಾಠ ಹೇಳಿ ನೋಡಿದವರು ಇದನ್ನು ಒಪ್ಪುವರು.

ಈ ವಿದ್ಯೆಯಾದರೂ ಎಂಥದು? ಕಾಲನ್ನು ಪೆಡಲಿನ ಮೇಲೆ ಒತ್ತಿದರಾಯಿತು ಎನ್ನುವವರುಂಟು. ನೇರ ದಾರಿಯಲ್ಲಿ ಎಲ್ಲರೂ ವೀರರೇ. ವಿದ್ಯೆ ಇರುವುದು ತಿರುವಿನಲ್ಲಿ. ಟೈರಿಗೆ ನೆಲದ ಮೇಲಿರುವ ಹಿಡಿತ ಒಂದು ಗೊತ್ತಾದ ಅಳತೆಯದು, ತಿಂಗಳ ಸಂಬಳವಿದ್ದಂತೆ. ಅದನ್ನು ಬ್ರೇಕಿಗೇ ಖರ್ಚು ಮಾಡಿದರೆ ತಿರುಗಲು ಏನೂ ಉಳಿಯದು. ತಿರುಗುವುದಕ್ಕೇ ಖರ್ಚು ಮಾಡಿದರೆ ಬ್ರೇಕಿಗೆ ಸಾಲದು. ಆದ್ದರಿಂದ ಬ್ರೇಕಿನ ಬಹುಪಾಲು ಕೆಲಸವನ್ನು ದಾರಿ ನೇರವಿರುವಾಗಲೇ ಮುಗಿಸಿ, ತಿರುವಿನ ಹೊರ ಅಂಚಿನಿಂದ ಒಳಹೊಕ್ಕು, ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಕಾರನ್ನು ಹರಿಯಬಿಡಬೇಕು. ಹಾಗೆ ಮಾಡಿದರೆ ತಿರುವಿನ ಕೊಂಕು ಕಡಿಮೆಯಾಗಿ ವೇಗ ಉಳಿಯುತ್ತದೆ. ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಿನ ಚಕ್ರಗಳಿಗೆ ಬಂದು ಹಿಂದಿನವು ಹಗುರವಾಗುವುದರಿಂದ, ಕಾಲನ್ನು ಒಮ್ಮೆಗೇ ಎತ್ತುವುದಾಗಲಿ ಒತ್ತುವುದಾಗಲಿ ಕೂಡದು. ಎಡಗಾಲು ಕ್ಲಚ್ಚನ್ನು ಮೆಟ್ಟಿರುವಾಗಲೇ ಬಲಗಾಲಿನ ಮುಂಭಾಗ ಬ್ರೇಕಿನ ಮೇಲೂ ಹಿಮ್ಮಡಿ ಆಕ್ಸಿಲರೇಟರಿನ ಮೇಲೂ ಇದ್ದು, ಗೇರು ಇಳಿಸುವಾಗ ಎಂಜಿನ್ನಿನ ವೇಗವನ್ನು ಚಕ್ರದ ವೇಗಕ್ಕೆ ಸರಿದೂಗಿಸಬೇಕು. ಎರಡು ಕಾಲಿಗೆ ಮೂರು ಪೆಡಲು! ಎಲ್ಲಕ್ಕೂ ಮಿಗಿಲಾಗಿ ಕಣ್ಣು ಮೂತಿಯ ಮುಂದಣ ನೆಲದ ಮೇಲಿರದೆ ಮುಂದಿನ ತಿರುವಿನಲ್ಲಿರಬೇಕು. ಮುದಿ ಮಾರಿಸ್ ಕಾರು ಕಲಿಸಿದ್ದ ಪಾಠವೂ ಇದೇ ಅಲ್ಲವೇ?

1954ರಲ್ಲಿ ಹಿಲ್ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿಯೇ ಮೊದಲ ಪಂದ್ಯವಾಡಿದನು. ಅದೇ ವರ್ಷ ಅಲ್ಲಿಂದ ಲಂಡನ್ನಿಗೆ ಮರಳುವಾಗ ಚಾಪ್‌ಮನ್ನನ ವಾಹನದಲ್ಲಿ ಜಾಗ ಸಿಕ್ಕಿತು. ಇಳಿಯುವಷ್ಟರಲ್ಲಿ ಲೋಟಸ್ ಕಾರ್ಖಾನೆಯಲ್ಲಿ ದಿನಕ್ಕೊಂದು ಪೌಂಡಿನ ಮೆಕ್ಯಾನಿಕ್ ಕೆಲಸಕ್ಕೆ ದಾರಿಯಾಯಿತು. ಅಲ್ಲಿ ಗೇರ್‌ಬಾಕ್ಸುಗಳನ್ನು ಬಿಚ್ಚಿ ಜೋಡಿಸುತ್ತ, ಸಿಕ್ಕಾಗಲೆಲ್ಲ ಪರರ ಸ್ಪೋರ್ಟ್ಸ್ ಕಾರುಗಳನ್ನು ಓಡಿಸುತ್ತ ನಾಲ್ಕು ವರ್ಷ ಕಳೆದು, 1958ರಲ್ಲಿ ಮೊನಾಕೊ ನಗರದಲ್ಲಿ ಗ್ರಾಂಡ್ ಪ್ರಿ ಪಂದ್ಯಕ್ಕೆ ಇಳಿದನು. ಆಗ ಲೋಟಸ್ ಕಾರುಗಳು ವೇಗವಾಗಿದ್ದರೂ ದಾರಿಯಲ್ಲಿ ಕೈಕೊಡುವುದೇ ಹೆಚ್ಚು. ಬೇಸತ್ತು 1960ರಲ್ಲಿ ಬಿ.ಆರ್.ಎಂ. ತಂಡಕ್ಕೆ ಹೋದನು.

ಆತನ ಟಿಪ್ಪಣಿ ಪುಸ್ತಕದ ವಿಷಯ ಇಲ್ಲಿ ಬರಬೇಕು. ಪ್ರತಿ ಊರಿನ ಹಾದಿಗೂ ಯಾವ ಸ್ಪ್ರಿಂಗು, ಯಾವ ಗೇರು, ಟೈರಿಗೆಷ್ಟು ಗಾಳಿ, ಏನು ಬದಲಿಸಿದಾಗ ಏನಾಯಿತು ಎಂಬುದನ್ನೆಲ್ಲ ಹಿಲ್ ತಪ್ಪದೆ ಬರೆದಿಡುತ್ತಿದ್ದನು. ಈ ಸಣ್ಣ ಸಣ್ಣ ಬದಲಾವಣೆಗಳನ್ನು ಮಾಡಿ ಮಾಡಿ ಮೆಕ್ಯಾನಿಕರು ಹೈರಾಣಾಗುತ್ತಿದ್ದರು. ಆತನ ಪ್ರತಿಸ್ಪರ್ಧಿ ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್ ಇದಕ್ಕೆ ವಿರುದ್ಧ. ಕುರಿ ಸಾಕುವ ರೈತನ ಮಗ; ತಂದೆತಾಯಿಗಳ ಇಷ್ಟವಿಲ್ಲದಿದ್ದರೂ ಸ್ವಂತ ಸನ್‌ಬೀಮ್ ಕಾರಿನಲ್ಲಿ ಸುತ್ತಮುತ್ತಣ ಸ್ಪರ್ಧೆಗಳಲ್ಲಿ ಓಡಿಸಿ ಮೇಲೆ ಬಂದವನು. ಕಾರು ಹೇಗಿದ್ದರೂ ಅದಕ್ಕೆ ತಾನು ಒಗ್ಗಿಕೊಂಡು ಓಡಿಸುವ ಶಕ್ತಿ ಆತನಿಗೆ ಹುಟ್ಟಿನಿಂದ ಬಂದಂತಿತ್ತು. ನನ್ನ ಮೆಚ್ಚಿಗೆಯ ಬಹುಪಾಲು ಹಿಲ್ಲನಿಗೆ. ಕ್ಲಾರ್ಕನನ್ನು ನೋಡಿ ಬೆರಗಾಗಬಹುದು; ಹಿಲ್ಲನನ್ನು ನೋಡಿ ಕಲಿಯಬಹುದು.

1962ರ ಡಿಸೆಂಬರ್ 29ರಂದು ದಕ್ಷಿಣ ಆಫ್ರಿಕದ ಕೊನೆಯ ಪಂದ್ಯದಲ್ಲಿ ಇವರಿಬ್ಬರಲ್ಲಿ ಯಾರು ಚಾಂಪಿಯನ್ ಎಂಬುದು ತೀರ್ಮಾನವಾಗಬೇಕಿತ್ತು. ಮುಂದಿದ್ದ ಕ್ಲಾರ್ಕನ ಕಾರಿನಿಂದ ಎಣ್ಣೆ ಸೋರಿ ಆತ ನಿಲ್ಲಬೇಕಾಯಿತು, ಹಿಲ್ ಗೆದ್ದನು. 1964ರಲ್ಲಿ ಒಟ್ಟು 41 ಅಂಕ ಗಳಿಸಿಯೂ, ಉತ್ತಮವಾದ ಆರು ಪಂದ್ಯಗಳನ್ನಷ್ಟೇ ಎಣಿಸುವ ನಿಯಮದಿಂದ 39ಕ್ಕೆ ಇಳಿದು, 40 ಅಂಕದ ಜಾನ್ ಸರ್ಟೀಸನಿಗೆ ಪಟ್ಟ ಬಿಟ್ಟುಕೊಟ್ಟನು. ಅಂಕಗಳ ಈ ನ್ಯಾಯ ವಿದ್ಯಾರ್ಥಿಗಳಾದ ನಮಗೆ ಚೆನ್ನಾಗಿ ತಿಳಿಯುತ್ತದೆ! ಮೊನಾಕೊದ ಇಕ್ಕಟ್ಟಾದ ಬೀದಿಗಳಲ್ಲಿ ಆತ ಐದು ಸಲ ಗೆದ್ದನು. 1965ರಲ್ಲಿ ಎದುರಿಗೆ ಸಿಕ್ಕ ನಿಧಾನದ ಕಾರನ್ನು ತಪ್ಪಿಸಲು ಪಕ್ಕದ ದಾರಿಗೆ ನುಗ್ಗಿ, ಕೆಳಗಿಳಿದು, ಕಾರನ್ನು ತಾನೇ ಹಿಂದಕ್ಕೆ ನೂಕಿ, ಮತ್ತೆ ಹತ್ತಿ, ಎಲ್ಲರನ್ನೂ ಹಿಂದೆ ಹಾಕಿದನು. 1966ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಪಂದ್ಯವೂ ಆತನದಾಯಿತು.

1967ರಲ್ಲಿ ಲೋಟಸ್‌ಗೆ ಮರಳಿ ಕ್ಲಾರ್ಕನ ಜೊತೆಗಾರನಾದನು. 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಕ್ಲಾರ್ಕ್ ಮಡಿದಾಗ ಹಿಲ್ ಅದೇ ಪಂದ್ಯದಲ್ಲಿದ್ದನು. ಜೊತೆಗಾರನೇ ಹೋದ ಮೇಲೆ ತಂಡಕ್ಕೆ ತಂಡವೇ ಕುಗ್ಗಿಹೋಯಿತು. ಐದು ವಾರಗಳ ತರುವಾಯ ಹಿಲ್ ಸ್ಪೇನಿನಲ್ಲಿ ಗೆದ್ದನು, ಮುಂದೆ ಮೊನಾಕೊದಲ್ಲಿ ಗೆದ್ದನು, ವರ್ಷದ ಕೊನೆಗೆ ಮೆಕ್ಸಿಕೊದಲ್ಲಿ ಗೆದ್ದು ಎರಡನೆಯ ಸಲ ಚಾಂಪಿಯನ್ ಆದನು. ಆತನ ಜೀವನದಲ್ಲಿ ನಾನು ಅತ್ಯಂತ ಗೌರವಿಸುವ ಕಾಲ ಇದೇ.

1969ರ ಅಕ್ಟೋಬರಿನಲ್ಲಿ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಎರಡು ಕಾಲುಗಳೂ ಮುರಿದವು. ಐದು ತಿಂಗಳ ತರುವಾಯ ದಕ್ಷಿಣ ಆಫ್ರಿಕದಲ್ಲಿ ಮತ್ತೆ ಓಡಿಸಿ ಆರನೆಯವನಾದನು. 1972ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಆಂರಿ ಪೆಸ್ಕರೊಲೊ ಎಂಬವನೊಡನೆ ಫ್ರಾನ್ಸಿನ ಲ ಮಾನ್‌ನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಗೆದ್ದನು. ಮೊನಾಕೊ, ಇಂಡಿಯಾನಾಪೊಲಿಸ್, ಲ ಮಾನ್ ಮೂರನ್ನೂ ಗೆದ್ದವನು ಇಂದಿಗೂ ಆತನೊಬ್ಬನೇ. ಆದರೆ ಗ್ರಾಂಡ್ ಪ್ರಿಗಳಲ್ಲಿ ಹಳೆಯ ವೇಗ ಮರಳಲಿಲ್ಲ. ಸ್ವಂತ ತಂಡ ಕಟ್ಟಿದನು. 1975ರಲ್ಲಿ ತನ್ನ ಮೊನಾಕೊದಲ್ಲಿಯೇ ಆರಂಭದ ಸಾಲಿಗೆ ಅರ್ಹನಾಗದೆ ಉಳಿದಾಗ ಓಡಿಸುವುದನ್ನು ನಿಲ್ಲಿಸಿ, ಟೋನಿ ಬ್ರೈಸ್ ಎಂಬ ಇಪ್ಪತ್ತಮೂರರ ತರುಣನನ್ನು ಬೆಳೆಸತೊಡಗಿದನು.

ಅದೇ ವರ್ಷ ನವೆಂಬರ್ 29ರ ರಾತ್ರಿ, ಫ್ರಾನ್ಸಿನಲ್ಲಿ ಹೊಸ ಕಾರನ್ನು ಪರೀಕ್ಷಿಸಿ, ಹಿಲ್ ತನ್ನ ಪುಟ್ಟ ವಿಮಾನವನ್ನು ತಾನೇ ನಡೆಸುತ್ತ ಲಂಡನ್ನಿಗೆ ಮರಳುತ್ತಿದ್ದನು. ದಟ್ಟ ಮಂಜು. ಇಳಿಯಬೇಕಾದ ಎಲ್‌ಸ್ಟ್ರಿ ನಿಲ್ದಾಣಕ್ಕೆ ಮುನ್ನವೇ ಆರ್ಕ್ಲಿ ಎಂಬಲ್ಲಿ ವಿಮಾನ ಮರಗಳಿಗೆ ತಾಗಿ ಬಿದ್ದಿತು. ಹಿಲ್, ಬ್ರೈಸ್, ತಂಡದ ಇನ್ನು ನಾಲ್ವರು, ಹೀಗೆ ಆರು ಮಂದಿಯೂ ಮಡಿದರು. ವಿಚಾರಣೆಯಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ವಿಮಾನದ ನೋಂದಣಿ ಊರ್ಜಿತದಲ್ಲಿರಲಿಲ್ಲ. ಅಂಥ ಮಂಜಿನಲ್ಲಿ ಹಾರಲು ಬೇಕಾದ ಅರ್ಹತಾಪತ್ರದ ಅವಧಿಯೂ ತೀರಿಹೋಗಿತ್ತು. ಟೈರಿನ ಗಾಳಿಯನ್ನು ವರ್ಷಗಟ್ಟಲೆ ಬರೆದಿಟ್ಟವನು ಈ ಕಾಗದಗಳನ್ನೇಕೆ ಹಾಗೆ ಬಿಟ್ಟನೋ! ಆತನ ಅಭಿಮಾನಿಗಳು ಈ ಪುಟವನ್ನು ಮಗುಚಿಬಿಡುತ್ತಾರೆ. ಜೊತೆಯಲ್ಲಿ ಸತ್ತ ಐವರ ಮನೆಯವರನ್ನು ನೆನೆದರೆ ಹಾಗೆ ಮಗುಚುವುದು ಸರಿಯಲ್ಲವೆಂದು ನನಗನಿಸುತ್ತದೆ. ವಿಮೆಯ ಹಣ ಬರಲಿಲ್ಲ. ಆ ಮನೆಯವರು ಪರಿಹಾರಕ್ಕಾಗಿ ನ್ಯಾಯಾಲಯಕ್ಕೆ ಹೋದರು. ಹಿಲ್ಲನ ಹೆಂಡತಿ ಬೆಟ್ ಗಂಡ ಬಿಟ್ಟುಹೋದ ಆಸ್ತಿಯ ಬಹುಭಾಗವನ್ನು ಅದಕ್ಕೇ ತೆರಬೇಕಾಯಿತು.

ಮಗ ಡೇಮನ್‌ಗೆ ಆಗ ಹದಿನೈದು ವರ್ಷ. ದೊಡ್ಡವನಾದ ಮೇಲೆ ಆತ ಲಂಡನ್ನಿನ ಬೀದಿಗಳಲ್ಲಿ ಮೋಟಾರು ಸೈಕಲ್ಲಿನ ಮೇಲೆ ಪತ್ರ, ಪಾರ್ಸೆಲುಗಳನ್ನು ಮುಟ್ಟಿಸುತ್ತ ಸಂಪಾದಿಸಿದನು, ಪಂದ್ಯಗಳಿಗೂ ಇಳಿದನು. 1996ರಲ್ಲಿ ಜಪಾನಿನ ಸುಜುಕಾದಲ್ಲಿ ಆತ ಚಾಂಪಿಯನ್ ಆದ ದಿನ ತಲೆಯ ಮೇಲಿದ್ದುದು ಅದೇ ಕಡುನೀಲಿ, ಅದೇ ಬಿಳಿಯ ಹುಟ್ಟುಗಳು.