ಶಿರಢೋಣದಿಂದ ದೇವರನಾವದಗಿಗೆ: ರಜೆ ಸಿಗದ ಗುಮಾಸ್ತನ ಕಥೆ

ದಿವಾ ಜಂಕ್ಷನ್ ಎಂದರೆ ಠಾಣೆ–ಕಲ್ಯಾಣದ ಜನ ಮೊದಲು ನೆನೆಯುವುದು ಬೆಳಗಿನ ಲೋಕಲ್‌ನ ನೂಕುನುಗ್ಗಲನ್ನು. ಆದರೆ ಇದು ಜಂಕ್ಷನ್ ಆದದ್ದು ಇಲ್ಲಿಂದ ದಕ್ಷಿಣಕ್ಕೆ ಕವಲೊಡೆಯುವ ಇನ್ನೊಂದು ಹಳಿಯಿಂದಾಗಿ. ದಾತಿವಲಿ, ನಿಳಜೆ, ತಳೋಜಾ, ನಾವಡೆ ರೋಡ್, ಕಳಂಬೊಲಿ ದಾಟಿ ಪನವೇಲ್ ಸೇರುವ ಈ ಹಳಿಯ ಮೇಲೆಯೇ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ನಮ್ಮ ಕರಾವಳಿಯವರನ್ನು ಹೊತ್ತು ಮಂಗಳೂರಿಗೆ ಹೋಗುತ್ತದೆ. ಪನವೇಲಿನಲ್ಲಿ ಇಳಿದು, ಮುಂದೆ ಕಾರವಾರ, ಉಡುಪಿ ಮುಟ್ಟುವ ಹೆದ್ದಾರಿಯಲ್ಲೇ ಸ್ವಲ್ಪ ದೂರ ಹೋದರೆ ಪಳಸ್ಪೆ, ಅದರ ಆಚೆ ಶಿರಢೋಣ. ಕರ್ನಾಳಾ ಪಕ್ಷಿಧಾಮಕ್ಕೆ ಹೋಗುವ ಅವಸರದಲ್ಲಿ ನಮ್ಮಲ್ಲಿ ಹೆಚ್ಚಿನವರು ಈ ಊರನ್ನು ಗಮನಿಸುವುದೇ ಇಲ್ಲ.

ಈ ಊರಲ್ಲಿ ಒಂದು ಹಳೆಯ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ವಾಸುದೇವ ಬಲವಂತ ಫಡಕೆ ಹುಟ್ಟಿದ ಮನೆ ಅದು. ಮಹಾರಾಷ್ಟ್ರದಲ್ಲಿ ಅವರನ್ನು ಆದ್ಯ ಕ್ರಾಂತಿವೀರ ಎನ್ನುತ್ತಾರೆ. ಪನವೇಲಿನ ನಾಟ್ಯಗೃಹಕ್ಕೆ ಅವರದೇ ಹೆಸರು. ಮುಂಬೈನ ಮೆಟ್ರೋ ಸಿನಿಮಾ ಎದುರಿನ ಚೌಕಕ್ಕೂ ಅವರದೇ ಹೆಸರು. ಐದು ವರ್ಷ ದಿವಾದಲ್ಲಿದ್ದು, ಐರೋಲಿಯ ಆಫೀಸಿಗೆ ದಿನವೂ ಓಡಾಡಿದರೂ ನಾನು ಈ ಹೆಸರನ್ನು ಫಲಕದ ಮೇಲೆ ಓದಿದ್ದೆನೇ ಹೊರತು ಮುಂದೆ ಹೋಗಿರಲಿಲ್ಲ. ಕಳೆದ ಚಳಿಗಾಲದ ಒಂದು ಭಾನುವಾರ ಹೋಗಿಬಂದೆ.

ಕೊಂಕಣದ ಅನುಕೂಲಸ್ಥರ ಹಳೆಯ ವಾಡೆ ಹೇಗಿರುತ್ತದೋ ಹಾಗೇ ಇದೆ: ಮರದ ಕಂಬಗಳು, ಇಳಿಜಾರಾದ ಹೆಂಚಿನ ಮಾಡು. ನಾನು ಸಿಂದಗಿ ಕಡೆಯವನು. ನಮ್ಮಲ್ಲಿ ಕಲ್ಲಿನ ಗೋಡೆ, ಮೇಲೆ ಮಣ್ಣು ಹಾಕಿ ಗಟ್ಟಿಮಾಡಿದ ಸಪಾಟು ಮಾಳಿಗೆ. ಮಳೆ ಕಡಿಮೆ, ಬಿಸಿಲು ಜಾಸ್ತಿ. ರಾತ್ರಿ ಮಾಳಿಗೆ ಮೇಲೇ ಮಲಗುತ್ತೇವೆ. ಇಲ್ಲಿ ನಾಲ್ಕು ತಿಂಗಳು ಸುರಿಯುವ ಮಳೆಗೆ ನಮ್ಮ ಮಾಳಿಗೆ ಒಂದೇ ವರ್ಷದಲ್ಲಿ ಕರಗಿಹೋದೀತು. ನೆಲ ಬೇರೆ, ಮನೆ ಬೇರೆ. ಆದರೂ ಈ ಮನೆಯಿಂದ ಹೊರಟ ಬದುಕು ಸಿಕ್ಕಿಬಿದ್ದದ್ದು ನಮ್ಮ ಭೀಮಾ ತೀರದಲ್ಲಿ ಎಂಬುದು ನನ್ನನ್ನು ಇಲ್ಲಿಗೆ ಎಳೆತಂದ ಸಂಗತಿ.

ಫಡಕೆ ಹುಟ್ಟಿದ್ದು 1845ರ ನವೆಂಬರ್ 4ರಂದು. ಆಗ ಪನವೇಲ್ ಠಾಣೆ ಜಿಲ್ಲೆಗೇ ಸೇರಿತ್ತು. ಊರಿನ ಹೊರಗೆ ನಿಂತರೆ ಹೆಬ್ಬೆರಳು ಎತ್ತಿದಂತೆ ಕಾಣುವ ಬಂಡೆಯ ಕರ್ನಾಳಾ ಕೋಟೆಗೆ ಅವರ ಅಜ್ಜ ಅನಂತರಾಯರು ಕಿಲ್ಲೇದಾರರಾಗಿದ್ದರು. 1818ರಲ್ಲಿ ಪೇಶ್ವೆ ಆಳ್ವಿಕೆ ಮುಗಿದು ಕೋಟೆ ಬ್ರಿಟಿಷರ ಕೈಸೇರಿತು. ಮೊಮ್ಮಗ ಬೆಳೆದದ್ದು ಆ ಕೋಟೆಯ ಕಥೆಗಳನ್ನು ಕೇಳುತ್ತ. ಆದರೆ ಕಥೆಯಿಂದ ಹೊಟ್ಟೆ ತುಂಬದು. ಹುಡುಗ ಓದಿಗೆ ಕಲ್ಯಾಣಕ್ಕೆ ಹೋದ. 1854ರಲ್ಲೇ ಕಲ್ಯಾಣಕ್ಕೆ ರೈಲು ಬಂದಿತ್ತು. ಇಂಗ್ಲಿಷ್ ಕಲಿತವನಿಗೆ ಸರ್ಕಾರಿ ಕೆಲಸ ಎಂಬ ಹೊಸ ದಾರಿ ತೆರೆದಿತ್ತು. ಫಡಕೆ ಮುಂಬೈನಲ್ಲಿ ಸ್ವಲ್ಪ ಕಾಲ ರೈಲ್ವೆಯಲ್ಲಿ ದುಡಿದು, ಆಮೇಲೆ ಪುಣೆಯ ಮಿಲಿಟರಿ ಲೆಕ್ಕಪತ್ರ ಕಚೇರಿಯ ಗುಮಾಸ್ತರಾದರು. ಊರು ಬಿಟ್ಟು, ಇಂಗ್ಲಿಷ್ ಓದಿ, ಪರದೇಶದವರ ಲೆಕ್ಕ ಬರೆದು ತಿಂಗಳ ಸಂಬಳ ಎಣಿಸುವ ಬದುಕು. ನಮಗೇನೂ ಅಪರಿಚಿತವಲ್ಲ.

1870ರಲ್ಲಿ ಶಿರಢೋಣದಿಂದ ಸುದ್ದಿ ಬಂತು: ತಾಯಿ ಸರಸ್ವತೀಬಾಯಿಗೆ ಕಾಯಿಲೆ ವಿಪರೀತವಾಗಿದೆ. ಫಡಕೆ ರಜೆಗೆ ಅರ್ಜಿ ಹಾಕಿದರು. ಮೇಲಧಿಕಾರಿಗಳು ಅರ್ಜಿಯನ್ನು ಇಟ್ಟುಕೊಂಡು ಕೂತರು. ಕಾದು ಕಾದು ಕೊನೆಗೆ ಊರಿಗೆ ಬರುವಷ್ಟರಲ್ಲಿ ತಾಯಿ ತೀರಿಹೋಗಿದ್ದರು. ಮರುವರ್ಷ ತಾಯಿಯ ಶ್ರಾದ್ಧಕ್ಕೂ ರಜೆ ಸಿಗಲಿಲ್ಲ. ಈ ಮನೆಯಲ್ಲಿ ನಿಂತಾಗ ನನಗೆ ಕೋಟೆಗಿಂತ, ಕತ್ತಿಗಿಂತ ಹೆಚ್ಚು ತಾಗಿದ್ದು ಇದು. ನನ್ನ ಅಜ್ಜಿ ಹೋದ ರಾತ್ರಿ ನಾನು ಕಲ್ಯಾಣದಲ್ಲಿ ಸೊಲ್ಲಾಪುರದ ರೈಲು ಹತ್ತಿ, ಅಲ್ಲಿಂದ ಬಸ್ ಹಿಡಿದು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಎಲ್ಲರೂ ಮನೆಗೆ ಮರಳಿದ್ದರು. ದೂರದ ಊರಲ್ಲಿ ದುಡಿಯುವವರ ಮನೆಗಳಲ್ಲಿ ಇಂಥದೊಂದು ಸಂಗತಿ ಇದ್ದೇ ಇರುತ್ತದೆ.

ಹಾಗಂತ ಫಡಕೆ ರಜೆ ಸಿಗದ ಸಿಟ್ಟಿಗೇ ಬಂಡೆದ್ದರು ಎಂದರೆ ತಪ್ಪಾದೀತು. ಆ ನೋವಾದ ಮೇಲೂ ಎಂಟು ವರ್ಷ ಅವರು ಆ ಕಚೇರಿಯಲ್ಲೇ ಇದ್ದರು. ಆ ವರ್ಷಗಳಲ್ಲಿ ಅವರು ಮಾಡಿದ ಕೆಲಸಗಳನ್ನು ನೋಡಿ. ಮಹಾದೇವ ಗೋವಿಂದ ರಾನಡೆಯವರ ಭಾಷಣಗಳನ್ನು ಕೇಳಿ, ದೇಶದ ಸಂಪತ್ತು ಹೇಗೆ ಹೊರಗೆ ಹರಿದುಹೋಗುತ್ತಿದೆ ಎಂಬ ಲೆಕ್ಕವನ್ನು ತಲೆಗೆ ಹಾಕಿಕೊಂಡರು. ಲೆಕ್ಕದ ಗುಮಾಸ್ತನಿಗೆ ಆ ಮಾತು ಬೇಗ ಅರ್ಥವಾಗಿರಬೇಕು. ವಾಮನ ಪ್ರಭಾಕರ ಭಾವೆ, ಲಕ್ಷ್ಮಣ ನರಹರ ಇಂದಾಪುರಕರ್ ಜತೆ ಸೇರಿ ಅವರು ಕಟ್ಟಿದ ಶಿಕ್ಷಣ ಸಂಸ್ಥೆ ಇಂದಿಗೂ ಮಹಾರಾಷ್ಟ್ರ ಎಜುಕೇಶನ್ ಸೊಸೈಟಿ ಎಂಬ ಹೆಸರಲ್ಲಿ ನಡೆಯುತ್ತಿದೆ. ಮಾತಂಗ ಸಮುದಾಯದ ಉಸ್ತಾದ್ ಲಹುಜಿ ಸಾಳ್ವೆಯವರ ತಾಲೀಮಿನಲ್ಲಿ ಕುಸ್ತಿ, ಕತ್ತಿವರಸೆ ಕಲಿತರು. ಮೇಲುಜಾತಿಯ ಗುಮಾಸ್ತನೊಬ್ಬ ಅಸ್ಪೃಶ್ಯರೆನಿಸಿಕೊಂಡವರ ಗರಡಿಯಲ್ಲಿ ಶಿಷ್ಯನಾಗಿ ಕೂರುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ಪತ್ನಿ ಗೋಪಿಕಾಬಾಯಿಗೆ ಓದು ಬರಹದ ಜತೆಗೆ ಕುದುರೆ ಸವಾರಿಯನ್ನೂ ಕಲಿಸಿದರು.

ಆಮೇಲೆ ಬಂದದ್ದು 1876–78ರ ಬರ. ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗಿನ ವಿಜಯಪುರ, ಬಾಗಲಕೋಟೆ ಸೇರಿದ್ದ ಅಂದಿನ ಕಲಾದಗಿ ಜಿಲ್ಲೆ ಮುಂಬೈ ಪ್ರಾಂತದಲ್ಲೇ ಅತಿಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಒಂದು. 1881ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 1872ಕ್ಕಿಂತ ಕಡಿಮೆಯಾಗಿತ್ತು. ಬರಪೀಡಿತ ಸೀಮೆಗಳ ಉಸ್ತುವಾರಿಗೆ ಬಂದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಕಲ್ಲು ಒಡೆದು ರಸ್ತೆ ಹಾಕುವ ಕೂಲಿಯವನಿಗೆ ದಿನಕ್ಕೆ 1 ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ಪುಡಿಗಾಸು ಸಾಕೆಂದು ಲೆಕ್ಕ ಹಾಕಿದರು. ಖರ್ಚು ಉಳಿಸಿದ್ದಕ್ಕೆ ಹೆಸರು ಪಡೆದ ಟೆಂಪಲ್ 1877ರಲ್ಲಿ ಮುಂಬೈ ಪ್ರಾಂತದ ಗವರ್ನರೂ ಆದರು. ಫಡಕೆ ಬರದ ಹಳ್ಳಿಗಳನ್ನು ಸುತ್ತಿ ಕಣ್ಣಾರೆ ನೋಡಿ ಬಂದರು. ಆಫೀಸಿನ ಪುಸ್ತಕದ ಲೆಕ್ಕಕ್ಕೂ ಹೊಲದ ಬದುವಿನಲ್ಲಿ ಬಿದ್ದ ಹೆಣಗಳಿಗೂ ಇದ್ದ ನಂಟು ಅವರಿಗೆ ಆಗ ಪೂರ್ತಿ ಕಂಡಿತು.

ಪುಣೆಯ ಓದಿದವರು ಯಾರೂ ಆಯುಧ ಹಿಡಿಯಲು ಮುಂದೆ ಬರಲಿಲ್ಲ. ಬಂದವರು ರಾಮೋಶಿಗಳು, ಕೋಳಿಗಳು, ಭಿಲ್ಲರು, ಧನಗರರು. ಹಿಂದೆ ಕೋಟೆ ಕಾವಲು, ಊರ ಕಾವಲು ಮಾಡಿಕೊಂಡಿದ್ದು ಈಗ ಕೆಲಸವೂ ಇಲ್ಲದೆ ಅನ್ನವೂ ಇಲ್ಲದೆ ಇದ್ದವರು. 1879ರ ಫೆಬ್ರವರಿಯಲ್ಲಿ ಪುಣೆ ಹತ್ತಿರದ ಲೋಣಿಯ ಹೊರಗೆ ಸುಮಾರು 200 ಜನರ ದಂಡು ಸೇರಿತು. ಶಿರೂರು ತಾಲ್ಲೂಕಿನ ಧಾಮಾರಿಯಿಂದ ದರೋಡೆಗಳು ಶುರುವಾದವು. ಮೇ ತಿಂಗಳ ಹೊತ್ತಿಗೆ ಫಡಕೆ ಹೊರಡಿಸಿದ ಜಾಹೀರನಾಮೆ ಲಂಡನ್ನಿನವರೆಗೂ ಸುದ್ದಿಯಾಯಿತು. ಜನರಿಗೆ ಕೆಲಸ ಕೊಡಿ, ತೆರಿಗೆ ಇಳಿಸಿ, ಬಿಳಿಯ ಅಧಿಕಾರಿಗಳ ಸಂಬಳ ಕಡಿತ ಮಾಡಿ ಎಂಬುದು ಅದರ ಸಾರ. ಸರ್ಕಾರ ಅವರ ತಲೆಗೆ ಬಹುಮಾನ ಘೋಷಿಸಿದರೆ, ಅವರು ತಿರುಗಿ ಟೆಂಪಲ್ ತಲೆಗೇ ಬಹುಮಾನ ಘೋಷಿಸಿದರು.

ನಮ್ಮವರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. 1831ರಲ್ಲೇ ನೇಣಿಗೇರಿದ ಸಂಗೊಳ್ಳಿ ರಾಯಣ್ಣ ಇರುವಾಗ, 1857ರಲ್ಲಿ ಆಯುಧ ಒಪ್ಪಿಸಲು ಒಪ್ಪದೆ ಕಾದಾಡಿದ ಹಲಗಲಿಯ ಬೇಡರು ಇರುವಾಗ, ಫಡಕೆ ಹೇಗೆ ಆದ್ಯರಾಗುತ್ತಾರೆ? ನನಗೂ ಇದೇ ಪ್ರಶ್ನೆ ಎದ್ದಿತ್ತು. ಅವರನ್ನು ಮೊದಲಿಗರೆಂದರೆ ಒಂದೇ ಅರ್ಥದಲ್ಲಿ ನಾನು ಒಪ್ಪುತ್ತೇನೆ. ರಾಯಣ್ಣನ ಹಿಂದೆ ಕಿತ್ತೂರಿನ ಗದ್ದುಗೆ ಇತ್ತು. ಹಲಗಲಿಯವರ ಕೈಯಲ್ಲಿ ತಲೆಮಾರುಗಳ ಆಯುಧ ಇತ್ತು. ಫಡಕೆಯವರಿಗೆ ಮರಳಿ ಪಡೆಯಲು ಗದ್ದುಗೆ ಇರಲಿಲ್ಲ, ಸಂಸ್ಥಾನ ಇರಲಿಲ್ಲ. ಇದ್ದದ್ದು ಸಂಬಳದ ಕೆಲಸ. ಅದನ್ನು ಬಿಟ್ಟು, ತನ್ನ ಜಾತಿಯೂ ಅಲ್ಲದ, ತನ್ನ ಊರೂ ಅಲ್ಲದ ಹಸಿದವರ ಪರವಾಗಿ ಬೆಟ್ಟ ಹತ್ತಿದ ಸಂಬಳದಾರ ಅವರು. ಆ ಸಾಲಿನಲ್ಲಿ ಅವರ ಮುಂದೆ ನಿಂತವರು ನನಗೆ ಕಾಣುವುದಿಲ್ಲ.

ಬಂಡಾಯ ಬಹಳ ದಿನ ನಡೆಯಲಿಲ್ಲ. ಫಡಕೆಯವರ ಬಲಗೈಯಾಗಿದ್ದ ರಾಮೋಶಿ ನಾಯಕ ದೌಲತರಾವ್ ನಾಯಿಕ್ ಮೇ ತಿಂಗಳಲ್ಲಿ ಕೊಂಕಣಕ್ಕಿಳಿದು, ಶಿರಢೋಣದ ಪಕ್ಕದ ಇದೇ ಪಳಸ್ಪೆ ಮತ್ತು ಚಿಖಲಿಯನ್ನು ದೋಚಿದ. ಸಿಕ್ಕಿದ್ದು ಸುಮಾರು ಒಂದೂವರೆ ಲಕ್ಷ ರೂಪಾಯಿಯ ಒಡವೆ, ಹಣ. ಘಟ್ಟಕ್ಕೆ ಮರಳುವ ದಾರಿಯಲ್ಲಿ ಮೇಜರ್ ಡೇನಿಯಲ್‌ನ ಪಡೆ ಆತನನ್ನು ಕೊಂದಿತು. ದಂಡು ಚದುರಿತು. ತನ್ನವರಿಗೆ ದೇಶಕ್ಕಿಂತ ಲೂಟಿಯ ಪಾಲಿನ ಮೇಲೇ ಕಣ್ಣು ಎಂಬ ಬೇಸರವನ್ನು ಫಡಕೆ ತಮ್ಮ ಆತ್ಮಕಥೆಯಲ್ಲಿ ತೋಡಿಕೊಂಡಿದ್ದಾರೆ. ಇದು ಓದಲು ನೋವಾಗುತ್ತದೆ, ಪೂರ್ತಿ ಒಪ್ಪಲೂ ಆಗುವುದಿಲ್ಲ. ಹಸಿದವರು ಪಾಲು ಕೇಳುವುದು ಅಷ್ಟು ದೊಡ್ಡ ತಪ್ಪೇ? ಶಿರಢೋಣದ ಮನೆಯಲ್ಲಿ ಫಡಕೆಯವರ ನೆನಪು ಭದ್ರವಾಗಿದೆ. ಜತೆಗೆ ಸತ್ತ ದೌಲತರಾವ್‌ನ ಹೆಸರೂ ಅಲ್ಲಿ ನೆನಪಾಗಬೇಕು ಎಂದು ನನಗನ್ನಿಸಿತು.

ಸೋತ ಫಡಕೆ ಶ್ರೀಶೈಲಕ್ಕೆ ಹೋದರು. ನಮ್ಮ ಕಡೆಯ ಭಕ್ತರು ಯುಗಾದಿಗೆ ಕಂಬಿ ಹೊತ್ತು ನಡೆದುಹೋಗುವ ಅದೇ ಮಲ್ಲಿಕಾರ್ಜುನನ ಸನ್ನಿಧಿ. ಬದುಕು ಸಾಕೆನಿಸಿ, ತಮ್ಮ ಆತ್ಮಕಥೆಯನ್ನು ಅವರು ಬರೆದದ್ದು ಅಲ್ಲಿ. ಆಮೇಲೆ ಮನಸ್ಸು ಗಟ್ಟಿಮಾಡಿಕೊಂಡು, ನಿಜಾಮನ ಸೀಮೆಯಲ್ಲಿ ಹೊಸ ದಂಡು ಕಟ್ಟಲು ಹೊರಟರು. ಈ ಕಡೆಯಿಂದ ಡೇನಿಯಲ್, ಆ ಕಡೆಯಿಂದ ನಿಜಾಮನ ಪೊಲೀಸ್ ಅಧಿಕಾರಿ ಅಬ್ದುಲ್ ಹಕ್ ಬೆನ್ನು ಹತ್ತಿದ್ದರು. 1879ರ ಜುಲೈನಲ್ಲಿ ಪಂಢರಪುರದ ದಿಕ್ಕಿಗೆ ಹೋಗುತ್ತಿದ್ದ ಫಡಕೆ, ಜ್ವರದಿಂದ ಬಳಲಿ ಕಲಾದಗಿ ಜಿಲ್ಲೆಯ ದೇವರನಾವದಗಿಯ ಗುಡಿಯೊಂದರಲ್ಲಿ ತಂಗಿದ್ದಾಗ ಸೆರೆಯಾದರು. ಭೀಮಾ ಹೊಳೆ ತುಂಬಿದಾಗೆಲ್ಲ ನಮ್ಮ ಪತ್ರಿಕೆಗಳ ಪ್ರವಾಹದ ಸುದ್ದಿಯಲ್ಲಿ ನೀವು ಓದುವ ಊರು ಅದು. ನಾನು ಚಿಕ್ಕಂದಿನಲ್ಲಿ ಆ ಹೆಸರನ್ನು ಕೇಳುತ್ತಿದ್ದದ್ದು ಅಷ್ಟಕ್ಕೇ.

ಪುಣೆಯಲ್ಲಿ ವಿಚಾರಣೆ ನಡೆಯಿತು. ಅವರು ಬರೆದಿಟ್ಟ ಆತ್ಮಕಥೆ, ದಿನಚರಿಗಳೇ ಅವರ ವಿರುದ್ಧ ಸಾಕ್ಷಿಯಾದವು. ಸಾರ್ವಜನಿಕ ಕಾಕಾ ಎಂದೇ ಹೆಸರಾದ ಗಣೇಶ ವಾಸುದೇವ ಜೋಶಿ ಅವರ ಪರ ವಕೀಲರಾಗಿ ನಿಂತರು. ಶಿಕ್ಷೆ ಜೀವಾವಧಿ ಗಡೀಪಾರು. ಕಡಲಾಚೆಯ ಏಡನ್ ಜೈಲಿಗೆ ಕಳಿಸಿದರು. ಅಲ್ಲಿ ಒಮ್ಮೆ ಬಾಗಿಲನ್ನು ತಿರುಗಣಿಯಿಂದಲೇ ಕಿತ್ತು ಪಾರಾದರು. ಗುರುತಿಲ್ಲದ ಮರಳುಗಾಡಿನಲ್ಲಿ ಮತ್ತೆ ಸಿಕ್ಕಿಬಿದ್ದರು. 1883ರ ಫೆಬ್ರವರಿ 17ರಂದು ಅಲ್ಲೇ ತೀರಿಕೊಂಡರು. ವಯಸ್ಸು 37. ನನಗಿಂತ ಎರಡೇ ವರ್ಷ ದೊಡ್ಡವರು. 1984ರಲ್ಲಿ ಅಂಚೆ ಇಲಾಖೆ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು.

ದಿವಾ, ಡೊಂಬಿವಿಲಿ, ಕಲ್ಯಾಣದಲ್ಲಿರುವ ನಮ್ಮವರು ಮಕ್ಕಳನ್ನು ಕರ್ನಾಳಾಕ್ಕೆ ಕರೆದೊಯ್ಯುವಾಗ ಒಂದು ಗಂಟೆ ಶಿರಢೋಣದಲ್ಲಿ ಇಳಿಯಿರಿ. ಕೋಟೆಯ ಬಂಡೆ ಕಾಣುವ ಕಡೆ ನಿಲ್ಲಿಸಿ ಅಜ್ಜನ ಕಥೆ ಹೇಳಿ, ಮನೆಯೊಳಗೆ ತಾಯಿಯ ಕಥೆ ಹೇಳಿ. ವಿಜಯಪುರ, ಕಲಬುರಗಿ ಕಡೆಯವರಾದರೆ ದೇವರನಾವದಗಿಯ ಹೆಸರನ್ನೂ ಸೇರಿಸಿ. ಬರುವ ದಸರೆಗೆ ಊರಿಗೆ ಹೋದಾಗ ಅಪ್ಪನ ಜತೆ ಅಲ್ಲಿಗೆ ಹೋಗಬೇಕೆಂದಿದ್ದೇನೆ. ರಜೆಗೆ ಈಗಲೇ ಅರ್ಜಿ ಹಾಕಿದ್ದೇನೆ.