ಒಣಹುಲ್ಲಿನ ಪರಿಮಳವನ್ನು ಸೀಸೆಗೆ ತಂದ ವಿಲಿಯಂ ಪರ್ಕಿನ್

ಮಕ್ಕಳೇ, ಕೊಯ್ದ ಹುಲ್ಲನ್ನು ಬಿಸಿಲಿಗೆ ಹರಡಿದ ಹೊಲದ ಬದಿಯಲ್ಲಿ ನೀವು ನಡೆದಿರಬಹುದು. ಕೆಲವು ಜಾತಿಯ ಹುಲ್ಲು ಒಣಗುತ್ತಿದ್ದಂತೆ ಹಿತವಾದ, ಸ್ವಲ್ಪ ಸಿಹಿ ಎನಿಸುವ ಪರಿಮಳ ಹೊಮ್ಮುತ್ತದೆ. ಅದೇ ಹುಲ್ಲು ಹಸಿಯಾಗಿ ನಿಂತಿದ್ದಾಗ ಆ ಪರಿಮಳ ಇರುವುದಿಲ್ಲ. ಹಾಗಾದರೆ ಅದು ಎಲ್ಲಿಂದ ಬಂತು? ಆ ಪರಿಮಳವನ್ನು ಹುಲ್ಲೇ ಇಲ್ಲದೆ ಪ್ರಯೋಗಾಲಯದಲ್ಲಿ ತಯಾರಿಸಬಹುದೇ?

ತಯಾರಿಸಬಹುದು ಎಂದು 1868ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ರಸಾಯನ ವಿಜ್ಞಾನಿ ವಿಲಿಯಂ ಹೆನ್ರಿ ಪರ್ಕಿನ್. ಪುಸ್ತಕಗಳಲ್ಲಿ ಅವರ ಹೆಸರು ಹೆಚ್ಚಾಗಿ ಬಣ್ಣದ ಜೊತೆಗೆ ಬರುತ್ತದೆ. ಆದರೆ ನಾವು ಬಳಸುವ ಸಾಬೂನು, ಪೌಡರು, ಕೂದಲೆಣ್ಣೆಗಳ ಸುವಾಸನೆಯ ಹಿಂದೆಯೂ ಅವರ ಕೆಲಸವಿದೆ. ಬನ್ನಿ, ಅವರ ಕಥೆ ತಿಳಿಯೋಣ.

ಊಟದ ವೇಳೆಯ ಪಾಠ

ಪರ್ಕಿನ್ ಹುಟ್ಟಿದ್ದು 1838ರ ಮಾರ್ಚ್ 12ರಂದು, ಲಂಡನ್ ನಗರದ ಪೂರ್ವ ಭಾಗದಲ್ಲಿ. ತಂದೆ ಕಟ್ಟಡ ಕಟ್ಟಿಸುವ ಕೆಲಸ ಮಾಡುತ್ತಿದ್ದರು. ಏಳು ಮಕ್ಕಳಲ್ಲಿ ವಿಲಿಯಂ ಕೊನೆಯವನು. ಮಗ ಮುಂದೆ ಕಟ್ಟಡಗಳ ನಕ್ಷೆ ರಚಿಸುವ ವಾಸ್ತುಶಿಲ್ಪಿಯಾಗಲಿ ಎಂಬುದು ತಂದೆಯ ಆಸೆ.

ವಿಲಿಯಂ ಸುಮಾರು ನಿಮ್ಮ ವಯಸ್ಸಿನವನಾಗಿದ್ದಾಗ ಗೆಳೆಯನೊಬ್ಬ ಅವನಿಗೆ ಸೋಡಾ ಮತ್ತು ಪಟಿಕದ ದ್ರಾವಣಗಳಿಂದ ಹರಳುಗಳು ಬೆಳೆಯುವುದನ್ನು ತೋರಿಸಿದ. ಬರಿಯ ನೀರಿನಂತೆ ಕಾಣುವ ದ್ರವದಿಂದ ಅಂಚು, ಮೂಲೆಗಳುಳ್ಳ ಹರಳು ಮೂಡುವುದನ್ನು ಕಂಡು ಅವನಿಗೆ ಎಲ್ಲಿಲ್ಲದ ಅಚ್ಚರಿ. ರಸಾಯನ ವಿಜ್ಞಾನವನ್ನೇ ಕಲಿಯಬೇಕೆಂದು ಅಂದೇ ನಿಶ್ಚಯಿಸಿದ.

ಆದರೆ ಆ ಕಾಲದ ಶಾಲೆಗಳಲ್ಲಿ ರಸಾಯನ ವಿಜ್ಞಾನಕ್ಕೆ ಸರಿಯಾದ ಸ್ಥಾನವಿರಲಿಲ್ಲ. ಅವನು ಸೇರಿದ ಶಾಲೆಯಲ್ಲಿ ಥಾಮಸ್ ಹಾಲ್ ಎಂಬ ಶಿಕ್ಷಕರು ಆಸಕ್ತ ಮಕ್ಕಳಿಗಾಗಿ ಮಧ್ಯಾಹ್ನದ ಬಿಡುವಿನಲ್ಲಿ ಈ ಪಾಠ ಹೇಳುತ್ತಿದ್ದರು. ಪಾಠ ತಪ್ಪಬಾರದೆಂದು ವಿಲಿಯಂ ಎಷ್ಟೋ ಬಾರಿ ಊಟವನ್ನೇ ಬಿಡುತ್ತಿದ್ದ. ಅವನ ಆಸಕ್ತಿಯನ್ನು ಕಂಡ ಶಿಕ್ಷಕರೇ ತಂದೆಯನ್ನು ಒಪ್ಪಿಸಿದರು. 1853ರಲ್ಲಿ, 15ನೇ ವಯಸ್ಸಿಗೆ, ವಿಲಿಯಂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿ ಸೇರಿದ. ಅಲ್ಲಿ ಅವನ ಗುರು ಜರ್ಮನಿಯಿಂದ ಬಂದಿದ್ದ ಹೆಸರಾಂತ ವಿಜ್ಞಾನಿ ಆಗಸ್ಟ್ ಹಾಫ್‌ಮನ್.

ಔಷಧ ಹುಡುಕಿದ, ಬಣ್ಣ ಸಿಕ್ಕಿತು

ಆಗ ಮಲೇರಿಯಾ ಜ್ವರಕ್ಕೆ ಇದ್ದ ಮದ್ದು ಕ್ವಿನೈನ್. ಅದನ್ನು ಸಿಂಕೋನಾ ಮರದ ತೊಗಟೆಯಿಂದ ತೆಗೆಯಬೇಕಿತ್ತು. ತೊಗಟೆಗೆ ಬೆಲೆ ಹೆಚ್ಚು, ಸಿಗುವುದು ಕಡಿಮೆ. ಕ್ವಿನೈನನ್ನು ಪ್ರಯೋಗಾಲಯದಲ್ಲೇ ತಯಾರಿಸಿದರೆ ಎಷ್ಟೋ ಜೀವ ಉಳಿಯುತ್ತದೆ ಎಂಬುದು ಹಾಫ್‌ಮನ್ ಅವರ ವಿಚಾರ. ಅದು ಶಿಷ್ಯನ ಮನಸ್ಸಿನಲ್ಲಿ ಬೇರೂರಿತು.

1856ರ ಈಸ್ಟರ್ ರಜೆಯಲ್ಲಿ ವಿಲಿಯಂ ಮನೆಯ ಮೇಲಂತಸ್ತಿನ ಪುಟ್ಟ ಪ್ರಯೋಗಾಲಯದಲ್ಲಿ ಕೆಲಸ ಆರಂಭಿಸಿದ. ಅವನ ಲೆಕ್ಕ ಹೀಗಿತ್ತು: ಕ್ವಿನೈನಿನ ಒಂದು ಅಣುವಿನಲ್ಲಿ 20 ಕಾರ್ಬನ್, 24 ಹೈಡ್ರೋಜನ್, 2 ನೈಟ್ರೋಜನ್, 2 ಆಕ್ಸಿಜನ್ ಪರಮಾಣುಗಳಿವೆ. ಕಲ್ಲಿದ್ದಲಿನ ಟಾರಿನಿಂದ ದೊರೆಯುವ ವಸ್ತುಗಳ ಅಣುಗಳನ್ನು ಜೋಡಿಸಿ, ಆಕ್ಸಿಜನ್ ಸೇರಿಸಿ, ಹೆಚ್ಚಿನ ಹೈಡ್ರೋಜನನ್ನು ನೀರಾಗಿ ಹೊರಹಾಕಿದರೆ ಅದೇ ಸಂಖ್ಯೆ ಬರಬೇಕಲ್ಲವೇ?

ಸಂಖ್ಯೆ ಸರಿಯಾದರೆ ಸಾಲದು. ‘ಸರ’ ಮತ್ತು ‘ರಸ’ ಎಂಬ ಪದಗಳನ್ನು ನೋಡಿ. ಅಕ್ಷರಗಳು ಅವೇ ಎರಡು. ಜೋಡಣೆ ಬದಲಾದಾಗ ಅರ್ಥವೂ ಬದಲಾಯಿತು. ಅಣುಗಳೂ ಹಾಗೆಯೇ. ಪರಮಾಣುಗಳು ಎಷ್ಟಿವೆ ಎಂಬುದರ ಜೊತೆಗೆ ಅವು ಹೇಗೆ ಜೋಡಣೆಯಾಗಿವೆ ಎಂಬುದೂ ಮುಖ್ಯ. ಇದು ಆಗಿನ ವಿಜ್ಞಾನಿಗಳಿಗೆ ಸ್ಪಷ್ಟವಾಗಿ ತಿಳಿದಿರಲಿಲ್ಲ. ಆದ್ದರಿಂದ ವಿಲಿಯಂಗೆ ಸಿಕ್ಕಿದ್ದು ಕ್ವಿನೈನ್ ಅಲ್ಲ, ಕೆಂಪು ಮಿಶ್ರಿತ ಕಂದು ಪುಡಿ.

ಅವನು ಬಿಡಲಿಲ್ಲ. ಅನಿಲಿನ್ ಎಂಬ ಸರಳವಾದ ವಸ್ತುವಿನ ಮೇಲೆ ಅದೇ ಪ್ರಯೋಗ ಮಾಡಿದ. ಈ ಬಾರಿ ಕಪ್ಪು ರಾಡಿ! ಬೇರೆಯವರಾಗಿದ್ದರೆ ಚೆಲ್ಲಿ ಪಾತ್ರೆ ತೊಳೆಯುತ್ತಿದ್ದರೇನೋ. ವಿಲಿಯಂ ಅದನ್ನು ಒಣಗಿಸಿ ಆಲ್ಕೊಹಾಲಿನಲ್ಲಿ ಕರಗಿಸಿದ. ದ್ರವಕ್ಕೆ ಸೊಗಸಾದ ನೇರಳೆ ಬಣ್ಣ ಬಂತು. ರೇಷ್ಮೆ ಬಟ್ಟೆಯನ್ನು ಅದ್ದಿದಾಗ ಬಟ್ಟೆಗೂ ಬಣ್ಣ ಹತ್ತಿತು. ಒಗೆದರೂ, ಬಿಸಿಲಿಗೆ ಹಾಕಿದರೂ ಮಾಸಲಿಲ್ಲ. ಇನ್ನೊಂದು ಸ್ವಾರಸ್ಯ ಗೊತ್ತೇ? ಅವನ ಅನಿಲಿನ್ ಶುದ್ಧವಾಗಿರಲಿಲ್ಲ, ಅದರಲ್ಲಿ ಟಾಲುಯಿಡಿನ್ ಎಂಬ ವಸ್ತು ಬೆರೆತಿತ್ತು. ಆ ಬೆರಕೆ ಇಲ್ಲದಿದ್ದರೆ ಆ ನೇರಳೆ ಬಣ್ಣ ಹುಟ್ಟುತ್ತಲೇ ಇರಲಿಲ್ಲ.

ಈ ಬಣ್ಣಕ್ಕೆ ‘ಮಾವ್’ ಎಂಬ ಹೆಸರಾಯಿತು. 1856ರ ಆಗಸ್ಟ್‌ನಲ್ಲಿ ಪೇಟೆಂಟ್ ಪಡೆದಾಗ ಅವನಿಗೆ 18 ವರ್ಷ. ಕಾಲೇಜು ಬಿಟ್ಟು ಕಾರ್ಖಾನೆ ತೆರೆಯುವುದು ಗುರುಗಳಿಗೆ ಹಿಡಿಸಲಿಲ್ಲ. ತಂದೆ ಮಾತ್ರ ತಮ್ಮ ಜೀವಮಾನದ ಉಳಿತಾಯವನ್ನು ಮಗನ ಮೇಲಿನ ನಂಬಿಕೆಯಿಂದ ಹೂಡಿದರು. ಅಣ್ಣ ಥಾಮಸ್ ಜೊತೆಯಾದ. ಬಣ್ಣ ಹತ್ತದೆ ಹೋಗಿದ್ದರೆ ಇಡೀ ಮನೆಯೇ ಮುಳುಗುತ್ತಿತ್ತು! 1857ರಲ್ಲಿ ಲಂಡನ್ನಿನ ಸಮೀಪದ ಗ್ರೀನ್‌ಫರ್ಡ್‌ನಲ್ಲಿ, ಕಾಲುವೆಯ ದಡದಲ್ಲಿ, ಕಾರ್ಖಾನೆ ಆರಂಭವಾಯಿತು. ಮರುವರ್ಷ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ಮಾವ್ ಬಣ್ಣದ ಉಡುಪು ಧರಿಸಿದರು. ಆ ಬಣ್ಣಕ್ಕೆ ಎಲ್ಲೆಡೆ ಬೇಡಿಕೆ ಬಂತು.

ವಾಸನೆ ಎಂದರೇನು?

ಕಾರ್ಖಾನೆ ನಡೆಸುತ್ತಿದ್ದರೂ ಪರ್ಕಿನ್ ಅವರು ಸಂಶೋಧನೆಯನ್ನು ಬಿಡಲಿಲ್ಲ. ಮುಂದೆ ಅವರ ಗಮನ ಹೋದದ್ದು ಒಂದು ಪರಿಮಳದ ಕಡೆಗೆ.

ವಾಸನೆ ಎಂಬುದು ಕಾಣದ ಮಾಯೆಯಲ್ಲ. ಹೂವು, ಹಣ್ಣು, ಚೆಕ್ಕೆಗಳಿಂದ ಸೂಕ್ಷ್ಮ ಅಣುಗಳು ಗಾಳಿಗೆ ಸೇರುತ್ತವೆ. ಅವು ಮೂಗಿನೊಳಗಿನ ವಿಶೇಷ ಜೀವಕೋಶಗಳನ್ನು ಮುಟ್ಟಿದಾಗ ಮಿದುಳಿಗೆ ಸುದ್ದಿ ಹೋಗುತ್ತದೆ. ಆಗ ನಮಗೆ ವಾಸನೆ ತಿಳಿಯುತ್ತದೆ. ಅಂದರೆ ಪ್ರತಿ ವಾಸನೆಯ ಹಿಂದೆಯೂ ಒಂದು ಅಥವಾ ಹಲವು ವಸ್ತುಗಳಿರುತ್ತವೆ.

ಒಣಹುಲ್ಲಿನ ಪರಿಮಳಕ್ಕೆ ಕಾರಣವಾದ ಮುಖ್ಯ ವಸ್ತು ಕೂಮರಿನ್. ಹಸಿ ಗಿಡದಲ್ಲಿ ಅದರ ಮೂಲವಸ್ತು ಸಕ್ಕರೆಯ ಅಣುವಿಗೆ ಅಂಟಿಕೊಂಡಿರುತ್ತದೆ. ಆ ಜೋಡಿಗೆ ಗಾಳಿಯಲ್ಲಿ ಹಾರಲು ಆಗದು. ಗಿಡವನ್ನು ಕೊಯ್ದು ಒಣಗಿಸಿದಾಗ ಜೀವಕೋಶಗಳು ಒಡೆಯುತ್ತವೆ. ಅದರೊಳಗಿನ ಕಿಣ್ವ ಸಕ್ಕರೆಯನ್ನು ಬಿಡಿಸುತ್ತದೆ. ಉಳಿದ ಭಾಗ ಕೂಮರಿನ್ ಆಗಿ ಪರಿಮಳ ಬೀರುತ್ತದೆ. ನಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲವೇ?

ದಕ್ಷಿಣ ಅಮೆರಿಕದ ಟೊಂಕಾ ಎಂಬ ಮರದ ಬೀಜದಲ್ಲಿ ಕೂಮರಿನ್ ಹೇರಳವಾಗಿದೆ. 1820ರಲ್ಲೇ ವಿಜ್ಞಾನಿಗಳು ಆ ಬೀಜದಿಂದ ಅದನ್ನು ಬಿಳಿಯ ಹರಳಾಗಿ ಬೇರ್ಪಡಿಸಿದ್ದರು. ಆದರೆ ಸಾಗರದಾಚೆಯಿಂದ ಬೀಜ ತರಿಸಬೇಕಿತ್ತು.

ಪರ್ಕಿನ್ ಅವರು 1868ರಲ್ಲಿ ಸ್ಯಾಲಿಸಿಲಾಲ್ಡಿಹೈಡ್ ಮತ್ತು ಅಸಿಟಿಕ್ ಅನ್‌ಹೈಡ್ರೈಡ್ ಎಂಬ ಎರಡು ವಸ್ತುಗಳನ್ನು ಬಳಸಿ ಕೂಮರಿನ್ ತಯಾರಿಸಿದರು. ಬೀಜವಿಲ್ಲ, ಹುಲ್ಲಿಲ್ಲ, ಆದರೂ ಅದೇ ಪರಿಮಳ! ಈ ವಿಧಾನವನ್ನು ಇಂದಿಗೂ ಕಾಲೇಜು ಪುಸ್ತಕಗಳಲ್ಲಿ ‘ಪರ್ಕಿನ್ ಕ್ರಿಯೆ’ ಎಂದು ಕಲಿಸುತ್ತಾರೆ.

ನಿಜವೋ, ನಕಲಿಯೋ?

ಪ್ರಯೋಗಾಲಯದಲ್ಲಿ ಮಾಡಿದ್ದು ನಕಲಿ ಎಂದು ನಿಮಗೆ ಅನಿಸಬಹುದು. ಸ್ವಲ್ಪ ಯೋಚಿಸಿ. ಬೀಜದ ಕೂಮರಿನ್ ಅಣುವಿನಲ್ಲಿ 9 ಕಾರ್ಬನ್, 6 ಹೈಡ್ರೋಜನ್, 2 ಆಕ್ಸಿಜನ್ ಪರಮಾಣುಗಳಿವೆ. ಪರ್ಕಿನ್ ಅವರ ಕೂಮರಿನ್‌ನಲ್ಲೂ ಅಷ್ಟೇ ಇವೆ, ಜೋಡಣೆಯೂ ಒಂದೇ. ಎರಡೂ ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತವೆ. ಕ್ವಿನೈನ್ ಪ್ರಯೋಗದಲ್ಲಿ ತಪ್ಪಿದ ಜೋಡಣೆ ಇಲ್ಲಿ ಸರಿಹೊಂದಿತ್ತು.

ಆದರೆ ಇಡೀ ಹೂವಿನ ಪರಿಮಳದ ವಿಷಯವೇ ಬೇರೆ. ಮಲ್ಲಿಗೆಯ ಕಂಪಿನಲ್ಲಿ ಹತ್ತಾರು ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಸೇರಿರುತ್ತವೆ. ಒಂದೇ ವಸ್ತುವನ್ನು ತಯಾರಿಸಿದರೆ ಮಲ್ಲಿಗೆ ಆಗದು. ಆದ್ದರಿಂದ ಸುಗಂಧ ತಯಾರಕರು ಹಲವು ವಸ್ತುಗಳನ್ನು ಅಳತೆಯಿಂದ ಬೆರೆಸುತ್ತಾರೆ. ನಿಂಬೆ ಜಾತಿಯ ವಾಸನೆ ಬೇಗ ಹಾರುತ್ತದೆ, ಮೊದಲು ಮೂಗಿಗೆ ತಲಪುವುದು ಅದೇ. ಹೂವಿನ ವಾಸನೆ ನಂತರ. ಶ್ರೀಗಂಧ, ಕೂಮರಿನ್ ಮುಂತಾದವು ನಿಧಾನವಾಗಿ ಹಾರುತ್ತವೆ, ಆದ್ದರಿಂದ ಕೊನೆಯವರೆಗೆ ಉಳಿಯುತ್ತವೆ. ಅಡುಗೆಯವರಿಗೆ ಉಪ್ಪು, ಹುಳಿ, ಖಾರದ ಹದ ಗೊತ್ತಿರುವಂತೆ ಇವರಿಗೆ ಈ ಹದ ಗೊತ್ತಿರಬೇಕು.

1882ರಲ್ಲಿ ಪ್ಯಾರಿಸ್ಸಿನ ಊಬಿಗಾ ಸಂಸ್ಥೆಯ ಪೋಲ್ ಪಾರ್ಕೆ ಎಂಬ ಸುಗಂಧ ತಯಾರಕರು ಪ್ರಯೋಗಾಲಯದ ಕೂಮರಿನ್ ಬಳಸಿ ‘ಫೂಜೇರ್ ರೊಯಾಲ್’ ಎಂಬ ಸುಗಂಧವನ್ನು ಸಿದ್ಧಪಡಿಸಿದರು. ಫೂಜೇರ್ ಎಂದರೆ ಜರೀಗಿಡ. ಜರೀಗಿಡಕ್ಕೆ ಹೇಳಿಕೊಳ್ಳುವಂತಹ ಪರಿಮಳವೇ ಇಲ್ಲ! ಇದ್ದಿದ್ದರೆ ಹೇಗಿರುತ್ತಿತ್ತು ಎಂಬ ಕಲ್ಪನೆಯೇ ಆ ಸುಗಂಧವಾಯಿತು. ಮುಂದೆ ಈ ಬಗೆಯ ಮಿಶ್ರಣಗಳು ಸಾಬೂನಿಗೆ, ಕ್ಷೌರದ ನೊರೆಗೆ ಬಂದವು. ಸಿರಿವಂತರ ಮನೆಯಲ್ಲಷ್ಟೇ ಇದ್ದ ಸುಗಂಧ ಸಾಮಾನ್ಯರ ಬಚ್ಚಲುಮನೆಯನ್ನೂ ತಲಪಿತು.

ಗಳಿಕೆಯ ಜೊತೆಗೆ ನಷ್ಟ

ಹೊಸ ವಸ್ತು ಬಂದಾಗ ಎಲ್ಲರಿಗೂ ಒಳಿತೇ ಆಗುತ್ತದೆ ಎನ್ನುವಂತಿಲ್ಲ. ಆ ಕಾಲದಲ್ಲಿ ಕೆಂಪು ಬಣ್ಣವನ್ನು ನಮ್ಮ ಮಂಜಿಷ್ಠದ ಹತ್ತಿರದ ಸಂಬಂಧಿಯಾದ ಗಿಡವೊಂದರ ಬೇರಿನಿಂದ ಪಡೆಯುತ್ತಿದ್ದರು. ಆ ಬಣ್ಣದ ಹೆಸರು ಅಲಿಜಾರಿನ್. ಅದನ್ನು ಅಗ್ಗವಾಗಿ ತಯಾರಿಸುವ ವಿಧಾನವನ್ನು ಪರ್ಕಿನ್ ಅವರು 1869ರಲ್ಲಿ ಕಂಡುಕೊಂಡರು. ಅದೇ ವಿಧಾನಕ್ಕೆ ಜರ್ಮನಿಯ ವಿಜ್ಞಾನಿಗಳು ಕೇವಲ ಒಂದು ದಿನ ಮೊದಲು ಪೇಟೆಂಟ್ ಅರ್ಜಿ ಹಾಕಿದ್ದರು! ಕೊನೆಗೆ ಇಬ್ಬರೂ ಮಾರುಕಟ್ಟೆಯನ್ನು ಹಂಚಿಕೊಂಡರು. ಆದರೆ ಕೆಲವೇ ವರ್ಷಗಳಲ್ಲಿ ಫ್ರಾನ್ಸ್ ಮುಂತಾದ ಕಡೆ ಆ ಬೇರನ್ನು ಬೆಳೆಯುತ್ತಿದ್ದ ರೈತರು ಬೆಳೆಯನ್ನೇ ಕಳೆದುಕೊಂಡರು.

ಕೂಮರಿನ್ ವಿಷಯದಲ್ಲೂ ಎಚ್ಚರ ಬೇಕಾಯಿತು. ಹಿಂದೆ ಅದನ್ನು ಸಿಹಿ ತಿನಿಸುಗಳಿಗೂ ಸೇರಿಸುತ್ತಿದ್ದರು. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಪ್ರಾಣಿಗಳ ಯಕೃತ್ತಿಗೆ ಹಾನಿಯಾಗುವುದು ಕಂಡುಬಂದಿತು. 1954ರಲ್ಲಿ ಅಮೆರಿಕವು ಆಹಾರಕ್ಕೆ ಅದನ್ನು ಸೇರಿಸುವುದನ್ನು ನಿಷೇಧಿಸಿತು. ಸುಗಂಧಗಳಲ್ಲಿ ಅದರ ಬಳಕೆ ಇಂದಿಗೂ ಇದೆ. ಆದರೆ ಕೆಲವರ ಚರ್ಮಕ್ಕೆ ಅದು ಒಗ್ಗುವುದಿಲ್ಲ. ಆದ್ದರಿಂದ ಯುರೋಪಿನಲ್ಲಿ ನಿಗದಿತ ಪ್ರಮಾಣಕ್ಕಿಂತ ಹೆಚ್ಚಿದ್ದರೆ ಸಾಬೂನಿನ ಹೊದಿಕೆಯ ಮೇಲೆ ಅದರ ಹೆಸರು ಮುದ್ರಿಸಬೇಕು. ಒಂದು ವಸ್ತು ಗಿಡದಿಂದ ಬಂದಿರಲಿ, ಕಾರ್ಖಾನೆಯಿಂದ ಬಂದಿರಲಿ, ಎಷ್ಟು ಪ್ರಮಾಣದಲ್ಲಿ, ಯಾವುದಕ್ಕೆ ಬಳಸುತ್ತೇವೆ ಎಂಬುದನ್ನು ಪರೀಕ್ಷಿಸಲೇಬೇಕು.

ಮತ್ತೆ ಪ್ರಯೋಗಾಲಯಕ್ಕೆ

1874ರಲ್ಲಿ, ಇನ್ನೂ 36ರ ಪ್ರಾಯದಲ್ಲೇ, ಪರ್ಕಿನ್ ಅವರು ಕಾರ್ಖಾನೆಯನ್ನು ಮಾರಿದರು. ಇನ್ನಷ್ಟು ಹಣ ಗಳಿಸಬಹುದಿತ್ತು. ಆದರೆ ಬಾಳಲು ಬೇಕಾದಷ್ಟು ಇದ್ದುದರಿಂದ ಉಳಿದ ಆಯುಷ್ಯವನ್ನು ಸಂಶೋಧನೆಗೆ ಮೀಸಲಿಟ್ಟರು. 1906ರಲ್ಲಿ, ಮಾವ್ ಬಣ್ಣಕ್ಕೆ 50 ವರ್ಷ ತುಂಬಿದಾಗ, ಅವರಿಗೆ ‘ಸರ್’ ಪದವಿ ದೊರೆಯಿತು. 1907ರ ಜುಲೈ 14ರಂದು, 69ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅವರ ಮೂವರು ಗಂಡುಮಕ್ಕಳೂ ರಸಾಯನ ವಿಜ್ಞಾನಿಗಳಾದರು. ತಂದೆಯ ಹೆಸರನ್ನೇ ಹೊತ್ತ ಹಿರಿಯ ಮಗ ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ಬಳಿ ಕಲಿತ ಜಾನ್ ಸೈಮನ್‌ಸನ್ ಭಾರತಕ್ಕೆ ಬಂದು ಇಲ್ಲಿನ ಗಿಡಮರಗಳ ಸುಗಂಧ ತೈಲಗಳನ್ನು ಅಧ್ಯಯನ ಮಾಡಿದರು. 1920ರ ದಶಕದಲ್ಲಿ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಪ್ರಾಧ್ಯಾಪಕರಾಗಿದ್ದರು.

ಪರ್ಕಿನ್ ಅವರು ಹುಡುಕಿದ ಕ್ವಿನೈನ್ ಅವರಿಗೆ ಕೊನೆಗೂ ಸಿಗಲಿಲ್ಲ. ಸಿಕ್ಕಿದ ಕಪ್ಪು ರಾಡಿಯನ್ನು ಚೆಲ್ಲುವ ಮುನ್ನ ಅದೇನೆಂದು ನೋಡಿದ್ದರಿಂದ ಬಣ್ಣ ಸಿಕ್ಕಿತು. ಪರಿಮಳವೂ ಒಂದು ವಸ್ತು, ಅದನ್ನೂ ತಿಳಿಯಬಹುದು ಎಂದು ನಂಬಿದ್ದರಿಂದ ಕೂಮರಿನ್ ಕೈಗೂಡಿತು. ನಿಮ್ಮ ಪ್ರಯೋಗ ನೀವು ಎಣಿಸಿದಂತೆ ಬರದಿದ್ದಾಗ, ಬಂದದ್ದನ್ನು ಒಮ್ಮೆ ಚೆನ್ನಾಗಿ ನೋಡಿ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಹಳೆಯ ಹತ್ತಿ ಬಟ್ಟೆಯ ಮೂರು ಚೂರು, ನಿಂಬೆ ಸಿಪ್ಪೆ, ಜಜ್ಜಿದ ಲವಂಗ, ತೇಯ್ದ ಗಂಧ.

ಒಂದೊಂದು ಬಟ್ಟೆಗೆ ಒಂದೊಂದನ್ನು ಉಜ್ಜಿ, ದೂರ ದೂರ ಇಡಿ. ಗಂಟೆಗೊಮ್ಮೆ ಗೆಳೆಯರ ಕಣ್ಣು ಕಟ್ಟಿ, ಯಾವ ಬಟ್ಟೆ ಯಾವುದೆಂದು ಗುರುತಿಸಲು ಹೇಳಿ. ಯಾವ ವಾಸನೆ ಮೊದಲು ಹೋಯಿತು? ಯಾವುದು ಮರುದಿನವೂ ಉಳಿಯಿತು? ಕೋಷ್ಟಕದಲ್ಲಿ ಬರೆದು ಕಾರಣವನ್ನು ತರಗತಿಯಲ್ಲಿ ಚರ್ಚಿಸಿ.

ಎಚ್ಚರಿಕೆ: ಶಾಲೆಯ ಪ್ರಯೋಗಾಲಯದ ಯಾವ ರಾಸಾಯನಿಕವನ್ನೂ ನೇರವಾಗಿ ಮೂಗಿಗೆ ಹಿಡಿಯಬೇಡಿ. ಶಿಕ್ಷಕರು ಹೇಳಿದರೆ ಮಾತ್ರ ಸೀಸೆಯನ್ನು ದೂರ ಹಿಡಿದು, ಕೈಯಿಂದ ಗಾಳಿ ಬೀಸಿ ವಾಸನೆ ನೋಡಿ.